ಗೋಬರ್ ಗ್ಯಾಸಿಗೆ ಯಾವ ಎಂಜಿನ್? ಮೂರನ್ನೂ ಓಡಿಸಿ ನೋಡಿದ್ದು

ಗೋಬರ್ ಗ್ಯಾಸಿನಲ್ಲಿ ಎಂಜಿನ್ ಓಡಿಸಲು ಮೂರು ದಾರಿ: ಡೀಸೆಲ್ ಪಂಪಿಗೇ ಗ್ಯಾಸ್ ಕೊಡುವುದು, ಪೆಟ್ರೋಲ್ ಜನರೇಟರ್, ಪೂರ್ತಿ ಗ್ಯಾಸ್ ಎಂಜಿನ್. ಮೊದಲು ಸಗಣಿ ಲೆಕ್ಕ. ಒಂದು ಹಸು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. 25 ಕಿಲೋ ಸಗಣಿಗೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಗ್ಯಾಸ್. ಎಂಜಿನ್ನಿಗೆ ಗಂಟೆಗೆ ಒಂದು ಎಚ್‌ಪಿಗೆ ಅರ್ಧ ಘನ ಮೀಟರ್ ಬೇಕು. ಅಂದರೆ 5 ಎಚ್‌ಪಿ ಪಂಪನ್ನು ಬರೀ ಗ್ಯಾಸಿನಲ್ಲಿ ಒಂದು ಗಂಟೆ ಓಡಿಸಿದರೆ ಆರು ಹಸುವಿನ ಒಂದು ದಿನದ ಸಗಣಿ ಮುಗಿಯಿತು! ಎಂಜಿನ್ ಆರಿಸುವಾಗ ಈ ಲೆಕ್ಕವೇ ಮುಖ್ಯ. ಉಳಿದದ್ದೆಲ್ಲ ಆಮೇಲೆ.

ನನಗೆ ಒಗ್ಗಿದ್ದು ಡೀಸೆಲ್ ಪಂಪಿಗೇ ಗ್ಯಾಸ್ ಕೊಡುವ ದಾರಿ. ಏರ್ ಫಿಲ್ಟರ್ ಆದಮೇಲೆ ಗಾಳಿ ಹೋಗುವ ಪೈಪಿಗೆ ಗ್ಯಾಸ್ ಸೇರಿಸಲು ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ), ಒಂದು ವಾಲ್ವ್. ಅಷ್ಟೇ ಬದಲಾವಣೆ. ಡೀಸೆಲ್‌ನಲ್ಲೇ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ವಾಲ್ವ್ ನಿಧಾನಕ್ಕೆ ತೆರೆಯಬೇಕು. ಎಂಜಿನ್ ವೇಗ ಒಂದೇ ಸಮ ಇಡುವ ಗವರ್ನರ್ ತಾನಾಗಿ ಡೀಸೆಲ್ ಕಡಿಮೆ ಮಾಡಿಕೊಳ್ಳುತ್ತದೆ. ಗ್ಯಾಸ್ ಜಾಸ್ತಿಯಾದರೆ ಎಂಜಿನ್ ತಡವರಿಸುತ್ತದೆ. ಆಗ ಒಂದು ಸುತ್ತು ಹಿಂದೆ ತಿರುಗಿಸಿದರೆ ಸಾಕು, ಕಿವಿಗೇ ಗೊತ್ತಾಗುತ್ತದೆ. ಡೀಸೆಲ್ ಪೂರ್ತಿ ನಿಲ್ಲಿಸಲು ಮಾತ್ರ ಆಗದು. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಬರೀ ಒತ್ತಡಕ್ಕೆ ಹೊತ್ತಿಕೊಳ್ಳುವುದಿಲ್ಲ, ಕಿಡಿ ಹಚ್ಚಲು ಚೂರು ಡೀಸೆಲ್ ಬೇಕೇ ಬೇಕು. ಒಳ್ಳೆ ಲೋಡ್ ಇದ್ದರೆ 60-70 ಪರ್ಸೆಂಟ್ ಡೀಸೆಲ್ ಉಳಿಯುತ್ತದೆ. ಲೋಡ್ ಕಡಿಮೆ ಇದ್ದರೆ ಗ್ಯಾಸ್ ಸರಿಯಾಗಿ ಉರಿಯದೆ ಸುಮ್ನೆ ಹೊಗೆ ಕೊಳವೆಯಲ್ಲಿ ಹೋಗುತ್ತದೆ. ಈ ದಾರಿಯ ದೊಡ್ಡ ಗುಣ ಎಂದರೆ, ಗ್ಯಾಸ್ ಖಾಲಿಯಾದರೂ ಪಂಪ್ ನಿಲ್ಲುವುದಿಲ್ಲ. ತೋಟದ ಕೊನೆ ಸಾಲಿಗೆ ನೀರು ಹೋಗುವ ಹೊತ್ತಿಗೆ ಎಂಜಿನ್ ಆಫ್ ಆದರೆ ಹೇಗಿರುತ್ತದೆ ಗೊತ್ತಲ್ವಾ?

ಇದು ಹೊಸದೇನಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್ಸಿ) 1980ರ ದಶಕದಲ್ಲೇ ಊರಿನ ಸಗಣಿಯಿಂದ ಡೀಸೆಲ್ ಎಂಜಿನ್ ಓಡಿಸಿ ಕುಡಿಯುವ ನೀರು, ದೀಪ ಕೊಟ್ಟಿದ್ದರು.

ಪೆಟ್ರೋಲ್ ಜನರೇಟರ್ ಅಗ್ಗ, ಹಗುರ. ಮನೆಯ ಲೈಟಿಗೆ, ಮಿಕ್ಸಿಗೆ ಆಗುತ್ತದೆ. ಆದರೆ ಗ್ಯಾಸಿನಲ್ಲಿ ಅದರ ಶಕ್ತಿ ಚೆನ್ನಾಗಿಯೇ ಇಳಿಯುತ್ತದೆ. ನಮ್ಮ ಗ್ಯಾಸಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡೇ ಇರುತ್ತದೆ, ಉರಿ ನಿಧಾನ. ಚಳಿಯ ಬೆಳಗ್ಗೆ ಪೆಟ್ರೋಲ್‌ನಲ್ಲೇ ಶುರು ಮಾಡಬೇಕು. ದೀನಬಂಧು ತರಹದ, ಅಲುಗದ ಗುಂಬಜ್ ಇರುವ ಗ್ಯಾಸ್ ಪ್ಲಾಂಟ್ ಆದರೆ ಗ್ಯಾಸ್ ಖರ್ಚಾದ ಹಾಗೆ ಒತ್ತಡ ಬೀಳುತ್ತದೆ, ಬಲ್ಬು ಮಿಣುಕುತ್ತದೆ, ಕೈ ವಾಲ್ವಿನ ಮೇಲೇ ಇರಬೇಕು. ಗ್ಯಾಸ್ ತುಂಬಿದಂತೆ ಮೇಲೇಳುವ, ಖರ್ಚಾದಂತೆ ಇಳಿಯುವ ತೇಲುವ ಡ್ರಮ್ಮಿನ ಪ್ಲಾಂಟ್ ಇದ್ದವರಿಗೆ ಈ ಕಾಟ ಇಲ್ಲ.

ಪೂರ್ತಿ ಗ್ಯಾಸ್ ಎಂಜಿನ್ ಓಡಿಸಿದ್ದು ಭಾವನ ಡೈರಿಯಲ್ಲಿ. ಡೀಸೆಲ್ ಎಂಜಿನ್ನಿನ ಇಂಜೆಕ್ಟರ್ ಜಾಗಕ್ಕೆ ಸ್ಪಾರ್ಕ್ ಪ್ಲಗ್ ಹಾಕಿ, ಕಂಪ್ರೆಷನ್ (ಸಿಲಿಂಡರಿನೊಳಗೆ ಗ್ಯಾಸ್ ಒತ್ತುವ ಪ್ರಮಾಣ) ಇಳಿಸಿದ್ದು. ಹೊಗೆ ಇಲ್ಲ, ಓಟ ಬಹಳ ನಯ. ಮೂರರಲ್ಲಿ ಚೆಂದ ಇದೇ. ಆದರೆ ದೊಡ್ಡ ಕೊಟ್ಟಿಗೆ, ಗ್ಯಾಸ್ ಕೂಡಿಡಲು ಬಲೂನ್ ಎರಡೂ ಇರಬೇಕು. ಗ್ಯಾಸ್ ಮುಗಿದರೆ ಕತೆ ಮುಗಿಯಿತು, ಡೀಸೆಲ್‌ಗೆ ವಾಪಸ್ ಹೋಗುವ ಹಾಗಿಲ್ಲ.

ನಾಲ್ಕೈದು ಹಸು ಇರುವವರು ಮೂರನ್ನೂ ಬಿಡಿ, ಗ್ಯಾಸನ್ನು ಅಡುಗೆಗೇ ಇಟ್ಟುಕೊಳ್ಳಿ. ಒಲೆಯಲ್ಲಿ ಗ್ಯಾಸಿನ ಅರ್ಧದಷ್ಟು ಶಾಖ ಪಾತ್ರೆಗೆ ಸಿಗುತ್ತದೆ, ಸಣ್ಣ ಎಂಜಿನ್ನಿನಲ್ಲಿ ಕಾಲು ಭಾಗ ಕೆಲಸಕ್ಕೆ ಬಂದರೆ ಹೆಚ್ಚು.

ಯಾವ ಎಂಜಿನ್ ಆದರೂ ಫಿಲ್ಟರ್ ಬೇಕು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬುಷ್‌ಗಳನ್ನು ತಿನ್ನುತ್ತದೆ, ಆಯಿಲ್ ಬೇಗ ಕೆಡಿಸುತ್ತದೆ. ನಾನು ಲೇತ್ ಅಂಗಡಿಯ ಕಬ್ಬಿಣದ ಸಿಪ್ಪೆಯನ್ನು ತುಕ್ಕು ಹಿಡಿಸಿ, ದಪ್ಪ ಪಿವಿಸಿ ಪೈಪಿನಲ್ಲಿ ತುಂಬಿದ್ದೇನೆ. ಅದಕ್ಕೂ ಮೊದಲು, ತಗ್ಗಿನ ಜಾಗದಲ್ಲಿ ನೀರು ಇಳಿಯಲು ಒಂದು ಟ್ಯಾಪ್. ಸಿಪ್ಪೆ ಕಪ್ಪಾದಾಗ ತೆಗೆದು ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ, ಇನ್ನೊಮ್ಮೆ ತುಂಬಬಹುದು. ಗಾಳಿಗೆ ಹರಡಿದಾಗ ಸಿಪ್ಪೆ ಚೆನ್ನಾಗಿ ಬಿಸಿಯಾಗುತ್ತದೆ. ಹುಲ್ಲಿನ ಬಣವೆ ಹತ್ತಿರ ಮಾತ್ರ ಹರಡಬೇಡಿ.