ಕೋಳಿಮರಿ ತರುವುದಾದರೆ ಈ ಫೀಡ್ ಸ್ಟೋರ್‌ಗೇ ಹೋಗಿ

ಟೆಕ್ಸಾಸ್‌ನ ಹಿಲ್ ಕಂಟ್ರಿ ಅನ್ನೋ ಗುಡ್ಡಗಾಡಿನಲ್ಲಿ ನಮ್ಮೂರಿನ ಫೀಡ್ ಸ್ಟೋರ್, ಅಂದರೆ ದನ-ಕೋಳಿ ಮೇವಿನ ಅಂಗಡಿ ಇದು. ಶನಿವಾರ ಬೆಳಿಗ್ಗೆ ಮುಂದೆ ಬರೀ ಹಳೇ ಪಿಕಪ್ ಟ್ರಕ್‌ಗಳು. ನನ್ನ 1996ರ ಫೋರ್ಡ್ ಎಫ್-150 ಕೂಡ ಅಲ್ಲೇ. 50 ಪೌಂಡಿನ ಮೂಟೆಗಳನ್ನು ಹುಡುಗರೇ ಟ್ರಕ್ಕಿಗೆ ಹಾಕಿಕೊಡುತ್ತಾರೆ.

ಮಾರ್ಚ್‌ನಲ್ಲಿ ರೋಡ್ ಐಲ್ಯಾಂಡ್ ರೆಡ್ ಅನ್ನೋ ತಳಿಯ 6 ಕೋಳಿಮರಿ ತಂದೆ. ಕೌಂಟರಿನ ಅಜ್ಜಿ ಸುಮ್ನೆ ಡಬ್ಬಿ ಕೊಟ್ಟು ಕಳಿಸಲಿಲ್ಲ. ಮೊದಲ ವಾರ ಶಾಖ ಕೊಡುವ ದೀಪದ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಿ, ಮರಿಗಳು ಒಂದರ ಮೇಲೊಂದು ಮುದುಡಿ ಕೂತರೆ ಚಳಿ, ದೀಪದಿಂದ ದೂರ ಸರಿದು ಬಾಯಿ ತೆರೆದರೆ ಸೆಕೆ ಅಂತ ಬಿಡಿಸಿ ಹೇಳಿದರು. ಥರ್ಮಾಮೀಟರ್‌ಗಿಂತ ಈ ಮಾತೇ ಜಾಸ್ತಿ ಉಪಯೋಗಕ್ಕೆ ಬಂತು. ಆರೂ ಬದುಕಿದವು!

ಹೇಟೆ ಅಂತ ಕೊಟ್ಟ ಆರರಲ್ಲಿ ಒಂದು ಹುಂಜವಾಯಿತು. ಬದಲಿ ಕೊಡಲಿಲ್ಲ, ಅದು ಬೇಸರ.

ಜಿಂಕೆ ಬೇಟೆಯ ಸೀಸನ್ ನವೆಂಬರ್ ಮೊದಲ ಶನಿವಾರ ಶುರು, ಅಲ್ವಾ? ಬೇಟೆಗೆ ರಾಂಚ್‌ಗೆ ಹೋಗುವವರು ಜಿಂಕೆಗಳನ್ನು ಸೆಳೆಯಲು ಹಾಕುವ ಮೆಕ್ಕೆಜೋಳಕ್ಕೆ ಸಾಲು ನಿಲ್ಲುತ್ತಾರೆ, ಹಾಗಾಗಿ ಕೋಳಿ ಮೇವಿಗೆ ಅಕ್ಟೋಬರ್‌ನಲ್ಲೇ ಹೋಗಿ ಬನ್ನಿ.

ಗೂಡಿಗೆ ಚಿಕನ್ ವೈರ್ ಅನ್ನೋ ತೆಳು ತಂತಿ ಬಲೆ ಮಾತ್ರ ಬೇಡ, ಕೋಳಿ ಹಿಡಿಯೋ ಕಾಡುಪ್ರಾಣಿ ರಕೂನ್ ಅದನ್ನು ಹರಿದುಬಿಡುತ್ತದೆ. ಅರ್ಧ ಇಂಚು ಕಣ್ಣಿನ ಹಾರ್ಡ್‌ವೇರ್ ಕ್ಲಾತ್ (ಬಟ್ಟೆಯಲ್ಲ, ಗಟ್ಟಿ ತಂತಿ ಜಾಲರಿ) ಕೇಳಿ, ಹಿಂದಿನ ಶೆಡ್ಡಿನಲ್ಲಿ ಇಟ್ಟಿರುತ್ತಾರೆ.