ಆಂಟಾಲಜಿಗೆ ಯೂಸ್ ಕೇಸ್ ಬರೆಯಲು ವರ್ಡ್ ನಮೂನೆಯಾ, ಶೀಟಾ, ಟೆಕ್ಸ್ಟ್ ಫೈಲಾ?

ಆಂಟಾಲಜಿ ಅಂದರೆ ಒಂದು ವಿಷಯದ ಸಂಗತಿಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದಿಟ್ಟ ವಿನ್ಯಾಸ, ಯೂಸ್ ಕೇಸ್ ಅಂದರೆ ಅದನ್ನು ಯಾರು, ಯಾತಕ್ಕೆ ಬಳಸುತ್ತಾರೆ ಅನ್ನುವ ವಿವರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೆಕ್ಸ್ಟ್ ಫೈಲಿಗೆ. ಒಂದು ಪ್ರಶ್ನೆ, ಅದಕ್ಕೆ ಬರಬೇಕಾದ ಉತ್ತರ, ಆ ಉತ್ತರ ತರುವ ಸ್ಪಾರ್ಕಲ್ ಕ್ವೆರಿ (ಸ್ಪಾರ್ಕಲ್ ಅಂದರೆ ಇಂಥ ಡೇಟಾವನ್ನು ಪ್ರಶ್ನೆ ಕೇಳುವ ಭಾಷೆ). ಮೂರೂ ಆಂಟಾಲಜಿ ಫೈಲಿನ ಪಕ್ಕದಲ್ಲೇ, ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ. ರಾಗಿ ತಳಿಗಳ ಬಗ್ಗೆ ಒಂದು ಸಣ್ಣ ನಾಲೆಡ್ಜ್ ಗ್ರಾಫ್ (ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿಟ್ಟ ಡೇಟಾ) ಮಾಡುವಾಗ ಉಳಿದವನ್ನೂ ಬಳಸಿ ನೋಡಿದೆ. ಯಾವ ತಳಿ ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ, ಯಾವುದು ಬೆಂಕಿ ರೋಗ ತಡೆದುಕೊಳ್ಳುತ್ತದೆ, ಯಾವ ತಿಂಗಳು ಬಿತ್ತಬೇಕು, ಇಷ್ಟೇ ವಿಷಯ. ಆಂಟಾಲಜಿಯ ಬಗ್ಗೆ ಇದಕ್ಕಿಂತ ಹೆಚ್ಚು ಇಲ್ಲಿ ಹೇಳಲು ಹೋಗುವುದಿಲ್ಲ.

ಪ್ರಶ್ನೆ ಬರೆದಿಡುವ ಪದ್ಧತಿ ಹೊಸದಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಗ್ರೂನಿಂಗರ್ ಮತ್ತು ಫಾಕ್ಸ್ 1990ರ ದಶಕದಲ್ಲೇ ಇದಕ್ಕೆ ಕಾಂಪಿಟೆನ್ಸಿ ಕ್ವೆಶ್ಚನ್ ಅಂತ ಹೆಸರಿಟ್ಟರು. ಆಂಟಾಲಜಿ ಕಟ್ಟುವ ಮೊದಲು ಅದು ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಅಂತ ಬರೆದುಕೊಳ್ಳಿ, ಕಟ್ಟಿದ ಮೇಲೆ ಅವೇ ಪ್ರಶ್ನೆ ಕೇಳಿ ಪರೀಕ್ಷಿಸಿ. ಇದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಎಲ್ಲಿ ಬರೆಯಬೇಕು, ಹೇಗೆ ಬರೆಯಬೇಕು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ.

ವರ್ಡ್ ನಮೂನೆಗಳಲ್ಲಿ, ಯುರೋಪಿನ ನಿಯಾನ್ ಪ್ರಾಜೆಕ್ಟಿನಿಂದ ಬಂದ ಓಆರ್‌ಎಸ್‌ಡಿ (ಆಂಟಾಲಜಿಯಿಂದ ಏನೇನು ಬೇಕು ಅಂತ ಬರೆದಿಡುವ ದಾಖಲೆ) ತುಂಬಾ ಜನ ಬಳಸುತ್ತಾರೆ. ಉದ್ದೇಶ, ವ್ಯಾಪ್ತಿ, ಯಾವ ಭಾಷೆಯಲ್ಲಿ ಮಾಡುತ್ತೀರಿ, ಯಾರು ಬಳಸುತ್ತಾರೆ, ಯಾತಕ್ಕೆ ಬಳಸುತ್ತಾರೆ, ಆಮೇಲೆ ಗುಂಪು ಗುಂಪಾಗಿ ಪ್ರಶ್ನೆಗಳು, ಕೊನೆಗೆ ಆ ಪ್ರಶ್ನೋತ್ತರಗಳಿಂದ ತೆಗೆದ ಪದಗಳ ಪಟ್ಟಿ. ವ್ಯಾಪ್ತಿಯ ಕಾಲಂ ನಿಜಕ್ಕೂ ಒಳ್ಳೆಯದು. 'ಮಾರುಕಟ್ಟೆ ಬೆಲೆ ನಮ್ಮ ವ್ಯಾಪ್ತಿಯಲ್ಲಿಲ್ಲ' ಅಂತ ಅಲ್ಲಿ ಬರೆದ ಒಂದು ಸಾಲು ಎಷ್ಟೋ ಮೀಟಿಂಗ್‌ಗಳ ಚರ್ಚೆ ಉಳಿಸಿತು. ಆದರೆ ಪದಗಳ ಪಟ್ಟಿಯಲ್ಲಿ ಪ್ರತಿ ಪದ ಎಷ್ಟು ಸಲ ಬಂದಿದೆ ಅಂತಲೂ ಬರೆಯಬೇಕು. ಒಂದು ಪ್ರಶ್ನೆ ತಿದ್ದಿದರೆ ಆ ಎಣಿಕೆಯೆಲ್ಲ ಹಳೆಯದಾಗುತ್ತದೆ. ಯಾರೂ ಮತ್ತೆ ಎಣಿಸುವುದಿಲ್ಲ.

ಅಮೆರಿಕದ ರೆನ್ಸಲೇರ್ ಸಂಸ್ಥೆಯ ಆಂಟಾಲಜಿ ಕೋರ್ಸಿನಲ್ಲಿ ಕಲಿಸುವ ಯೂಸ್ ಕೇಸ್ ನಮೂನೆ ಇನ್ನೂ ಉದ್ದ. ಕಲಿಯುವವರಿಗೆ ಚೆನ್ನಾಗಿದೆ, ನಮ್ಮಂಥ ಸಣ್ಣ ತಂಡಕ್ಕೆ ಜಾಸ್ತಿಯಾಯಿತು.

ಗೂಗಲ್ ಶೀಟ್ ಕೃಷಿ ತಜ್ಞರಿಗೆ ಇಷ್ಟ. ನನಗೆ ಕಷ್ಟ. ಎಕರೆಗೆ 10-12 ಕ್ವಿಂಟಲ್ ಅನ್ನುವ ಅರ್ಥದಲ್ಲಿ ಸುಮ್ನೆ 10-12 ಅಂತ ಟೈಪ್ ಮಾಡಿದರೆ ಅದು ತಾರೀಖಾಗಿ ಕೂತುಬಿಡುತ್ತದೆ.

ಈಗ ನನಗೆ ತಲೆನೋವು ಕೊಟ್ಟ ವಿಷಯಕ್ಕೆ ಬರುತ್ತೇನೆ. ಕಾಗದದ ನಮೂನೆ ನನ್ನ ಕೈಬಿಟ್ಟಿದ್ದು ಇಲ್ಲೇ.

ಸ್ಪಾರ್ಕಲ್‌ನಲ್ಲಿ ಪ್ರಾಪರ್ಟಿಯ, ಅಂದರೆ ತಳಿಯ ಒಂದು ಗುಣ ಅಥವಾ ಸಂಬಂಧದ, ಹೆಸರನ್ನು ಒಂದಕ್ಷರ ತಪ್ಪು ಬರೆದರೂ ದೋಷ ಅಂತ ಅದು ಹೇಳುವುದಿಲ್ಲ. ಸುಮ್ಮನೆ ಖಾಲಿ ಟೇಬಲ್ ಕೊಡುತ್ತದೆ. ಡೇಟಾ ಇನ್ನೂ ತುಂಬಿಲ್ಲದಿದ್ದರೂ ಖಾಲಿ ಟೇಬಲ್. ನಿಜವಾಗಿ ಅಂಥ ತಳಿ ಇಲ್ಲದಿದ್ದರೂ ಅದೇ ಖಾಲಿ ಟೇಬಲ್. ಮೂರರಲ್ಲಿ ಯಾವುದು ಅಂತ ನೋಡಿ ಹೇಳಲು ಆಗುವುದಿಲ್ಲ. ವರ್ಡ್ ನಮೂನೆಯಲ್ಲೂ ಉತ್ತರಕ್ಕೆ ಜಾಗ ಇದೆ, ಆದರೆ ಅಲ್ಲಿ ಉದಾಹರಣೆಗೆ ಅಂತ ಒಂದೆರಡು ಹೆಸರು ಬರೆದು ಮುಂದೆ ಹೋಗುತ್ತಾರೆ, ಅದನ್ನು ಡೇಟಾ ಜೊತೆ ಯಾರೂ ತಾಳೆ ನೋಡುವುದಿಲ್ಲ.

'ಇಲ್ಲ' ಅನ್ನುವ ಪ್ರಶ್ನೆ ಬಂದಾಗ ಇದು ಇನ್ನೂ ಕೆಡುತ್ತದೆ. 'ಬೆಂಕಿ ರೋಗ ತಡೆಯದ ತಳಿಗಳು ಯಾವುವು?' ಓದಲು ಎಷ್ಟು ಸರಳ ಅಲ್ವಾ? ಆಂಟಾಲಜಿ ಬರೆಯುವ ಔಲ್ ಭಾಷೆಯ ಲೆಕ್ಕದಲ್ಲಿ ಬರೆದಿಲ್ಲದ ಸಂಗತಿ ಸುಳ್ಳಲ್ಲ, ಅದು ಇನ್ನೂ ತಿಳಿಯದ ಸಂಗತಿ. ಹಾಗಾಗಿ ಬರೆದಿದ್ದರಿಂದ ತರ್ಕ ಮಾಡಿ ಹೊಸ ಸಂಗತಿ ತೆಗೆಯುವ ಪ್ರೋಗ್ರಾಂ, ಅಂದರೆ ರೀಸನರ್, ಏನನ್ನೂ ಹೇಳುವುದಿಲ್ಲ. ಅದೇ ಪ್ರಶ್ನೆಯನ್ನು ಸ್ಪಾರ್ಕಲ್‌ನ ನಾಟ್ ಎಕ್ಸಿಸ್ಟ್ಸ್ ('ಇದು ಇಲ್ಲದ್ದನ್ನು ಕೊಡು' ಅನ್ನುವ ಷರತ್ತು) ಹಾಕಿ ಕೇಳಿ, ರೋಗದ ಮಾಹಿತಿ ತುಂಬಿಲ್ಲದ ತಳಿಗಳೆಲ್ಲ ಪಟ್ಟಿಗೆ ಬಂದುಬಿಡುತ್ತವೆ. ರೋಗ ತಡೆಯುವ ಒಳ್ಳೆ ತಳಿಯೂ, ಅದರ ಮಾಹಿತಿ ಯಾರೂ ಇನ್ನೂ ಟೈಪ್ ಮಾಡಿಲ್ಲ ಅನ್ನುವ ಒಂದೇ ಕಾರಣಕ್ಕೆ, ರೋಗಕ್ಕೆ ತುತ್ತಾಗುವ ತಳಿ ಅನ್ನಿಸಿಕೊಳ್ಳುತ್ತದೆ. ಇದನ್ನು ನೋಡಿ ರೈತರಿಗೆ ಸಲಹೆ ಕೊಟ್ಟರೆ ಏನಾಗುತ್ತದೆ ಯೋಚಿಸಿ. ವರ್ಡ್ ಫೈಲಿನಲ್ಲಿ ಆ ಪ್ರಶ್ನೆ ಎಲ್ಲರ ಸಹಿಯೊಂದಿಗೆ ಅಚ್ಚುಕಟ್ಟಾಗಿ ಕೂತಿರುತ್ತದೆ.

ಟೆಕ್ಸ್ಟ್ ಫೈಲಿನಲ್ಲಿ ಬರಬೇಕಾದ ಉತ್ತರವನ್ನು ತಳಿ ತಳಿಯಾಗಿ ಬರೆಯಲೇಬೇಕು. ಆಗ ವಿಷಯ ತಾನಾಗಿ ಬಯಲಾಗುತ್ತದೆ. 'ಆಗಸ್ಟ್‌ನಲ್ಲಿ ಬಿತ್ತಲು ಬೆಂಕಿ ರೋಗ ತಡೆಯುವ ತಳಿ ಯಾವುದು?' ಅನ್ನುವುದಕ್ಕೆ ಜಿಪಿಯು-48 ಬರಬೇಕು, ಅದು ಬೇಗ ಕೊಯ್ಲಿಗೆ ಬರುವ ತಳಿ. ಎಂಆರ್-6 ಬರಬಾರದು, ಅದಕ್ಕೆ ಸುಮಾರು 120 ದಿನ ಬೇಕು, ಆಗಸ್ಟ್‌ಗಿಂತ ಮೊದಲೇ ಬಿತ್ತಬೇಕು. ಬರಬಾರದ್ದನ್ನೂ ಬರೆಯುವುದು ತುಂಬಾ ಮುಖ್ಯ. 'ತಡೆಯದ ತಳಿ' ಪ್ರಶ್ನೆಗೆ ಉತ್ತರ ಬರೆಯಲು ಕೂತಾಗಲೇ ತಜ್ಞರು ಕೇಳಿದರು, ಮಾಹಿತಿ ಇಲ್ಲದವನ್ನು ಎಲ್ಲಿ ಹಾಕೋಣ ಅಂತ. ಅಲ್ಲಿಂದ ರೋಗ ತಡೆಯುತ್ತದೆ, ತಡೆಯುವುದಿಲ್ಲ, ಪರೀಕ್ಷಿಸಿಲ್ಲ ಅಂತ ಮೂರು ಆಯ್ಕೆ ಇಟ್ಟೆವು. ಆಂಟಾಲಜಿಯೇ ಬದಲಾಯಿತು. ಯೂಸ್ ಕೇಸ್ ಬರೆಯುವುದು ಇದಕ್ಕೇ ಅಲ್ವಾ?

ಪರೀಕ್ಷೆ ಓಡಿಸಲು ರೋಬೋಟ್ ಅನ್ನುವ ಉಚಿತ ಟೂಲ್ ಸಾಕು, ಜಾವಾ ಇದ್ದರೆ ಆಯಿತು. ಅದರ ವೆರಿಫೈ ಕಮಾಂಡಿಗೆ 'ಬರಬಾರದ್ದು' ಹುಡುಕುವ ಕ್ವೆರಿ ಕೊಟ್ಟರೆ, ಒಂದು ಸಾಲು ಸಿಕ್ಕಿದರೂ ಫೇಲ್ ಅನ್ನುತ್ತದೆ. 'ಬರಬೇಕಾದದ್ದು' ನೋಡಲು ಕ್ವೆರಿಯ ಉತ್ತರವನ್ನು ಸಿಎಸ್‌ವಿ (ಸಾದಾ ಟೆಕ್ಸ್ಟ್ ರೂಪದ ಟೇಬಲ್) ಮಾಡಿ, ಬರೆದಿಟ್ಟ ಉತ್ತರದ ಜೊತೆ ಹೋಲಿಸುತ್ತೇನೆ. ಯಾರೋ ಪ್ರಾಪರ್ಟಿಯ ಹೆಸರು ಬದಲಿಸಿದರೆ ಅವತ್ತೇ ಗೊತ್ತಾಗುತ್ತದೆ.

ಇದರಲ್ಲೂ ಕೊರತೆ ಇದೆ. ತಜ್ಞರು ಗಿಟ್ ಮುಟ್ಟುವುದಿಲ್ಲ, ಅವರು ಶೀಟ್‌ನಲ್ಲೇ ತುಂಬುತ್ತಾರೆ, ಅಲ್ಲಿಂದ ನಾನು ಎತ್ತಿಕೊಳ್ಳುತ್ತೇನೆ. ಹಣ ಕೊಡುವವರಿಗೆ ಸಹಿ ಹಾಕಿದ ಕಾಗದ ಬೇಕು, ಅದಕ್ಕೆ ಓಆರ್‌ಎಸ್‌ಡಿಯ ಮೊದಲ ಪುಟ ಮಾತ್ರ ತುಂಬಿ ಕೊಡುತ್ತೇನೆ. ಒಬ್ಬೊಬ್ಬರಿಗೂ ತಿಂಗಳ ಬಾಡಿಗೆ ಕೇಳುವ ಟೂಲ್‌ಗಳೂ ಇವೆ. ನಮ್ಮ ದುಡ್ಡೆಲ್ಲ ಹಳೆಯ ತಳಿ ಕೈಪಿಡಿಗಳನ್ನು ಟೈಪ್ ಮಾಡಿಸಲು ಬೇಕು, ಹಾಗಾಗಿ ಆ ಕಡೆ ಹೋಗಲಿಲ್ಲ.

ನಾಲ್ಕೈದು ಸಂಸ್ಥೆ ಸೇರಿ ಮಾಡುವ ದೊಡ್ಡ ಕೆಲಸವಾದರೆ, ಒಬ್ಬರ ಮುಖ ಇನ್ನೊಬ್ಬರು ನೋಡದವರಾದರೆ, ಉದ್ದನೆಯ ನಮೂನೆಯೇ ತೆಗೆದುಕೊಳ್ಳಿ. ಎರಡು ಮೂರು ಜನ, ಕೈಯಲ್ಲಿ ನಿಜವಾದ ಡೇಟಾ, ಟೆಕ್ಸ್ಟ್ ಎಡಿಟರ್ ಬಳಸಿ ಅಭ್ಯಾಸ, ಇಷ್ಟಿದ್ದರೆ ಟೆಕ್ಸ್ಟ್ ಫೈಲಿನಲ್ಲೇ ಶುರು ಮಾಡಿ. ಪ್ರತಿ ಫೈಲಿನ ತಲೆಯಲ್ಲಿ ಈ ಪ್ರಶ್ನೆ ಕೇಳಿದ್ದು ಯಾರು, ಉತ್ತರ ಸಿಕ್ಕಿದರೆ ಅವರು ಏನು ಮಾಡುತ್ತಾರೆ ಅಂತ ಎರಡು ಸಾಲು ತಪ್ಪದೆ ಬರೆಯಿರಿ, ಯಾಕೆಂದರೆ ಕ್ವೆರಿ ನೋಡಿ ಅದನ್ನು ಊಹಿಸಲು ಆಗುವುದಿಲ್ಲ.