ಮನೆಯಲ್ಲಿ ಮಾಡಿದ ಡಿವಿಡಿಯಲ್ಲಿ ದನಿ ಬಾರದಿದ್ದಾಗ: ಎಂಪಿ2, ಎಸಿ-3, ಎಲ್‌ಪಿಸಿಎಂ ಎಂಬ ಧ್ವನಿ ರೂಪಗಳನ್ನು ಪರೀಕ್ಷಿಸಿ ಕಂಡದ್ದು

ನಮ್ಮ ಅಜ್ಜಿ ರಾಗಿ ಬೀಸುತ್ತ ಹೇಳುತ್ತಿದ್ದ ಪದಗಳನ್ನು ಚಿಕ್ಕಪ್ಪ 2004ರಲ್ಲಿ ಮಿನಿ ಡಿವಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿಟ್ಟಿದ್ದರು. ಅಜ್ಜಿ ತೀರಿಕೊಂಡ ಮೇಲೆ ಆ ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಡಿವಿಡಿ ಮಾಡಿ, ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿರುವ ಸೋದರತ್ತೆಯ ಮನೆಗೆ ಒಯ್ದೆ. ಟಿವಿಯಲ್ಲಿ ಅಜ್ಜಿ ಕಾಣಿಸಿಕೊಂಡರು. ಬೀಸುವ ಕಲ್ಲು ತಿರುಗುತ್ತಿತ್ತು, ತುಟಿಗಳು ಆಡುತ್ತಿದ್ದವು, ದನಿ ಮಾತ್ರ ಇರಲಿಲ್ಲ. ಅತ್ತೆ ರಿಮೋಟಿನಲ್ಲಿ ಸೌಂಡನ್ನು ಪೂರ್ತಿ ಏರಿಸಿ, ಟಿವಿಯ ಪಕ್ಕಕ್ಕೆ ಹೋಗಿ ಕಿವಿಯಿಟ್ಟು ನೋಡಿ, “ಅವ್ವ ಹೇಳ್ತಿರೋದು ಯಾವ ಪದ ಅಂತ ತುಟಿ ನೋಡಿದ್ರೆ ಗೊತ್ತಾಗುತ್ತೆ ಕಣಪ್ಪ, ದನಿ ಕೇಳ್ಬೇಕು ಅಂತ ಆಸೆ ಇತ್ತು” ಎಂದರು. ಅದೇ ಡಿಸ್ಕ್ ಹಿಂದಿನ ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ಸ್ಪಷ್ಟವಾಗಿ ಹಾಡಿತ್ತು.

ಊರಿನಿಂದ ಬಂದ ಮೇಲೆ ಸುಮಾರು ಒಂದು ತಿಂಗಳು, ಬಿಡುವಾದಾಗಲೆಲ್ಲ ಇದೇ ಕೆಲಸ ಮಾಡಿದೆ. ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಒಂದು ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕ್ ತಂದುಕೊಂಡು, ಕ್ಯಾಸೆಟ್ಟಿನ ಅದೇ ಹತ್ತು ನಿಮಿಷದ ತುಣುಕನ್ನು ಬೇರೆ ಬೇರೆ ಧ್ವನಿ ರೂಪಗಳಲ್ಲಿ ಬರೆದು, ಮೂರು ಕಡೆ ಹಾಕಿ ನೋಡಿದೆ: ಅತ್ತೆಯ ಮನೆಯಿಂದ ಕೇಳಿ ತಂದ ಅದೇ ಹಳೆಯ ಪ್ಲೇಯರ್, ನಮ್ಮ ಮನೆಯ ಪ್ಲೇಯರ್, ಹಾಗೂ ಸೌಂಡ್‌ಬಾರ್ ಜೋಡಿಸಿಕೊಂಡಿರುವ ಗೆಳೆಯನೊಬ್ಬನ ಮನೆಯ ಪ್ಲೇಯರ್. ಇಂಥದೇ ತೊಂದರೆಯಲ್ಲಿ ಸಿಕ್ಕಿಕೊಂಡವರಿಗೆ ಉಪಯೋಗವಾದೀತೆಂದು ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ದನಿ ಬಂತೆಂದ ಮಾತ್ರಕ್ಕೆ ಡಿಸ್ಕ್ ಸರಿಯಾಗಿದೆ ಎಂದು ನಂಬಬಾರದು. ವಿಎಲ್‌ಸಿಯಂಥ ತಂತ್ರಾಂಶವು ಹೆಚ್ಚುಕಡಿಮೆ ಎಲ್ಲ ಬಗೆಯ ಧ್ವನಿ ರೂಪಗಳನ್ನೂ ಬಿಡಿಸಬಲ್ಲ ಡಿಕೋಡರುಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಡಿವಿಡಿಯ ನಿಯಮವನ್ನು ಮೀರಿದ ಧ್ವನಿಯನ್ನೂ ಅದು ಸದ್ದಿಲ್ಲದೆ ಸರಿಮಾಡಿಕೊಂಡು ನುಡಿಸುತ್ತದೆ. ಟಿವಿಯ ಪಕ್ಕದ ಪ್ಲೇಯರಿಗೆ ಆ ಸೌಲಭ್ಯವಿಲ್ಲ. ಅದಕ್ಕೆ ಗೊತ್ತಿರುವುದು ಡಿವಿಡಿ-ವಿಡಿಯೊದಲ್ಲಿ ಇರಬಹುದೆಂದು ಗೊತ್ತುಮಾಡಿದ ಕೆಲವೇ ರೂಪಗಳು: ಎಲ್‌ಪಿಸಿಎಂ, ಡಾಲ್ಬಿ ಡಿಜಿಟಲ್ ಎಂದು ಕರೆಯುವ ಎಸಿ-3, ಎಂಪಿ2, ಮತ್ತು ಕೆಲವು ಪ್ಲೇಯರುಗಳಲ್ಲಿ ಡಿಟಿಎಸ್. ಸ್ಯಾಂಪ್ಲಿಂಗ್ ದರ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿಟ್ಟಿದೆ ಎಂಬ ಲೆಕ್ಕ, 48 ಕಿಲೋಹರ್ಟ್ಸ್ ಇರಬೇಕು. ಎಲ್‌ಪಿಸಿಎಂ ಮಾತ್ರ 96ರಲ್ಲಿಯೂ ಇರಬಹುದು. ಮೊಬೈಲ್ ಫೋನುಗಳು ಸಾಮಾನ್ಯವಾಗಿ ಧ್ವನಿಯನ್ನು ಎಎಸಿ ರೂಪದಲ್ಲಿ ದಾಖಲಿಸುತ್ತವೆ. ಆ ರೂಪಕ್ಕೆ ಡಿವಿಡಿ-ವಿಡಿಯೊದಲ್ಲಿ ಜಾಗವೇ ಇಲ್ಲ.

ನನ್ನ ಡಿಸ್ಕಿನ ದೋಷ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಿಂದ ಗೊತ್ತಾಯಿತು. ಡಿವಿಡಿಯ ಚಿತ್ರವೂ ಧ್ವನಿಯೂ ಇರುವ ವಿಒಬಿ ಕಡತವನ್ನು ಅದರಲ್ಲಿ ತೆರೆದಾಗ ಆಡಿಯೊ ಭಾಗದಲ್ಲಿ ಎಂಪಿ2 ಎಂದಿತ್ತು, ಅದು ಸರಿಯೇ. ಆದರೆ ಸ್ಯಾಂಪ್ಲಿಂಗ್ ದರದ ಮುಂದೆ 32 ಕಿಲೋಹರ್ಟ್ಸ್ ಎಂದಿತ್ತು. ಮಿನಿ ಡಿವಿ ಕ್ಯಾಮೆರಾಗಳಲ್ಲಿ ಎರಡು ಬಗೆಯ ಧ್ವನಿ ದಾಖಲಾತಿ ಇರುತ್ತದೆ. 16 ಬಿಟ್‌ನದು 48 ಕಿಲೋಹರ್ಟ್ಸ್‌ನ ಒಂದು ಸ್ಟೀರಿಯೊ ಜೋಡಿ. 12 ಬಿಟ್‌ನದು 32 ಕಿಲೋಹರ್ಟ್ಸ್‌ನ ಎರಡು ಜೋಡಿ, ಎರಡನೆಯ ಜೋಡಿ ಆಮೇಲೆ ಹಿನ್ನೆಲೆ ಸಂಗೀತವನ್ನೋ ವಿವರಣೆಯನ್ನೋ ಸೇರಿಸಿಕೊಳ್ಳಲೆಂದು ಖಾಲಿ ಬಿಟ್ಟದ್ದು. ಚಿಕ್ಕಪ್ಪನ ಕ್ಯಾಮೆರಾ 12 ಬಿಟ್‌ನಲ್ಲಿತ್ತು. ಡಿವಿಡಿ ಡ್ರೈವಿನ ಜೊತೆ ಬಂದಿದ್ದ ತಂತ್ರಾಂಶವು ಧ್ವನಿಯ ರೂಪವನ್ನು ಬದಲಿಸಿತೇ ಹೊರತು ದರವನ್ನು 48ಕ್ಕೆ ಏರಿಸಲಿಲ್ಲ. ನಾನೂ ಅದನ್ನು ನೋಡಿರಲಿಲ್ಲ. ಮಿನಿ ಡಿವಿ ಕ್ಯಾಸೆಟ್ ಇಳಿಸುವವರು ಇನ್ನೊಂದನ್ನೂ ಗಮನಿಸಬೇಕು: ಪರಿವರ್ತಿಸುವಾಗ ಮೊದಲ ಜೋಡಿಯ ಬದಲು ಖಾಲಿಯಿರುವ ಎರಡನೆಯದು ಆಯ್ಕೆಯಾಗಿಬಿಟ್ಟರೆ, ರೂಪ, ದರ ಎಲ್ಲ ಸರಿಯಿದ್ದರೂ ಒಳಗೆ ಬರೀ ಮೌನವೇ ಇರುತ್ತದೆ.

ದರವನ್ನು 48 ಕಿಲೋಹರ್ಟ್ಸ್‌ಗೆ ಏರಿಸಿ, ಅದೇ ತುಣುಕನ್ನು ಮೂರು ರೂಪಗಳಲ್ಲಿ ಬರೆದೆ.

ಮೊದಲು ಎಂಪಿ2, ಸೆಕೆಂಡಿಗೆ 224 ಕಿಲೋಬಿಟ್. ಮೂರೂ ಪ್ಲೇಯರುಗಳಲ್ಲಿ ದನಿ ಬಂತು. ಅತ್ತೆಯ ಪ್ಲೇಯರಿನಲ್ಲಿ ಅಜ್ಜಿಯ ಸ್ವರ ಮೊದಲ ಸಲ ಕೇಳಿಸಿದ್ದು ಈ ಡಿಸ್ಕಿನಿಂದಲೇ. ಭಾರತದಲ್ಲಿ ನಾವು ಬಳಸುವ ಪಾಲ್ ಎಂಬ ಟಿವಿ ಪದ್ಧತಿಯ ಡಿಸ್ಕುಗಳಲ್ಲಿ ಎಂಪಿ2 ಒಂದೇ ಇದ್ದರೂ ನಿಯಮಕ್ಕೆ ಒಪ್ಪುತ್ತದೆ. ಆದರೆ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಹಾಗಲ್ಲ: ಅಲ್ಲಿ ಡಿಸ್ಕಿನಲ್ಲಿ ಎಸಿ-3 ಅಥವಾ ಎಲ್‌ಪಿಸಿಎಂ ಇರಲೇಬೇಕು, ಎಂಪಿ2 ಅನ್ನು ಬಿಡಿಸಲೇಬೇಕೆಂಬ ಕಟ್ಟುಪಾಡು ಪ್ಲೇಯರಿಗಿಲ್ಲ. ನ್ಯೂಜೆರ್ಸಿಯಲ್ಲಿರುವ ಅಕ್ಕನಿಗೆ ಹಿಂದೊಮ್ಮೆ ತಮ್ಮನ ಮದುವೆಯನ್ನು ಎನ್‌ಟಿಎಸ್‌ಸಿಯಲ್ಲೇ ಮಾಡಿ ಕಳಿಸಿದ್ದಾಗ, ಚಿತ್ರ ಬರುತ್ತಿದೆ, ನಾಗಸ್ವರವೂ ಇಲ್ಲ, ಮಾತೂ ಇಲ್ಲ ಎಂದು ಅವಳು ಹೇಳಿದ್ದಕ್ಕೆ ಕಾರಣ ಇದೇ ಇರಬೇಕೆಂದು ಈಗ ಹೊಳೆಯಿತು. ಆ ಡಿಸ್ಕಿನ ಪ್ರತಿಯನ್ನು ತೆಗೆದು ನೋಡಿದರೆ ಅದರಲ್ಲಿದ್ದದ್ದು ಎಂಪಿ2 ಒಂದೇ.

ಎರಡನೆಯದು ಎಸಿ-3, ಸ್ಟೀರಿಯೊ, 192 ಕಿಲೋಬಿಟ್. ಅತ್ತೆಯ ಮತ್ತು ನಮ್ಮ ಪ್ಲೇಯರುಗಳಲ್ಲಿ ತಕರಾರಿಲ್ಲದೆ ನುಡಿಯಿತು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳಲ್ಲಿ ಹೆಚ್ಚಾಗಿ ಇರುವುದೂ ಇದೇ ರೂಪವಾದ್ದರಿಂದ, ಸಿನಿಮಾ ಡಿಸ್ಕಿಗೆ ದನಿ ಕೊಡುವ ಪ್ಲೇಯರು ಸರಿಯಾಗಿ ಮಾಡಿದ ಎಸಿ-3 ಡಿಸ್ಕಿಗೂ ದನಿ ಕೊಡುತ್ತದೆಂದು ಧೈರ್ಯವಾಗಿ ಹೇಳಬಹುದು. ಗೆಳೆಯನ ಮನೆಯಲ್ಲಿ ಮಾತ್ರ ನಿಶ್ಶಬ್ದ. ಅಲ್ಲಿ ತಪ್ಪಿದ್ದದ್ದು ಡಿಸ್ಕಿನಲ್ಲಲ್ಲ: ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ‘ಬಿಟ್‌ಸ್ಟ್ರೀಮ್’ ಎಂದು ಇಟ್ಟಿದ್ದರು, ಅಂದರೆ ಪ್ಲೇಯರು ಎಸಿ-3 ಅನ್ನು ಬಿಡಿಸದೆ ಹಾಗೆಯೇ ಆಪ್ಟಿಕಲ್ ಕೇಬಲಿನಲ್ಲಿ ಕಳಿಸುತ್ತಿತ್ತು, ಆ ಸೌಂಡ್‌ಬಾರಿಗೆ ಪಿಸಿಎಂ, ಅಂದರೆ ಬಿಡಿಸಿಟ್ಟ ಧ್ವನಿ, ಬಿಟ್ಟರೆ ಬೇರೆ ತಿಳಿಯದು. ‘ಪಿಸಿಎಂ’ ಎಂದು ಬದಲಿಸಿದ ಕೂಡಲೇ ದನಿ ಬಂತು. ಕೆಲವು ಪ್ಲೇಯರುಗಳಲ್ಲಿ ‘ಬಿಟ್‌ಸ್ಟ್ರೀಮ್’ ಬದಲು ‘ರಾ’ ಎಂದು ಬರೆದಿರುತ್ತದೆ, ಅರ್ಥ ಒಂದೇ. ಡಿಸ್ಕನ್ನು ಮತ್ತೊಮ್ಮೆ ಬರೆಯುವ ಮೊದಲು ಈ ಮೆನುವನ್ನು ಒಮ್ಮೆ ತೆರೆದು ನೋಡುವುದರಿಂದ ಎಷ್ಟೋ ಸಮಯ ಉಳಿಯುತ್ತದೆ.

ಮೂರನೆಯದು ಎಲ್‌ಪಿಸಿಎಂ. ಇದು ಧ್ವನಿಯನ್ನು ಹಿಂಡದೆ ಇದ್ದಂತೆಯೇ ಇಡುವ ರೂಪ. ಗೆಳೆಯನ ಪ್ಲೇಯರಿನ ಮೆನುವನ್ನು ಬೇಕೆಂದೇ ಮತ್ತೆ ಮೊದಲಿನಂತೆ ಇಟ್ಟು ನೋಡಿದೆ, ಆಗಲೂ ದನಿ ಬಂತು. ಬಿಡಿಸಲು ಏನೂ ಇಲ್ಲದ ಧ್ವನಿಗೆ ಡಿಕೋಡರಿನ ಹಂಗಿಲ್ಲ. ಮೂರೂ ಮನೆಗಳ ಯಂತ್ರಗಳಲ್ಲಿ ಏನನ್ನೂ ಮುಟ್ಟದೆ ನುಡಿದದ್ದು ಇದು ಮತ್ತು ಎಂಪಿ2. ಆದರೆ ಆ ಸೌಂಡ್‌ಬಾರಿಗೆ ಎಂಪಿ2 ತಲುಪಿದ್ದು ಪ್ಲೇಯರು ಅದನ್ನು ತಾನೇ ಬಿಡಿಸಿ ಕಳಿಸಿದ್ದರಿಂದ, ಎಲ್ಲ ಪ್ಲೇಯರುಗಳೂ ಹಾಗೆ ಮಾಡುತ್ತವೆಂದು ನೆಚ್ಚಿಕೊಳ್ಳುವಂತಿಲ್ಲ.

ಕೇಳುವಿಕೆಯ ವ್ಯತ್ಯಾಸವನ್ನೂ ಹೇಳಬೇಕು. ಅಜ್ಜಿಯ ಪದದ ಜೊತೆಯಲ್ಲಿ ಬೀಸುವ ಕಲ್ಲಿನ ಗುರುಗುರು ಸದ್ದು ಒಂದೇ ಸಮನೆ ಇದೆ. ಹಿಡಿ ರಾಗಿ ಹಾಕಿದಾಗ ಆ ಸದ್ದು ಅರೆಕ್ಷಣ ದಪ್ಪವಾಗಿ, ಹಿಟ್ಟು ಉದುರಿದಂತೆ ಮತ್ತೆ ತೆಳುವಾಗುತ್ತದೆ. ಹೆಡ್‌ಫೋನಿನಲ್ಲಿ ಕೇಳಿದಾಗ ಎಲ್‌ಪಿಸಿಎಂನಲ್ಲಿ ಅದು ಬಿಡಿಬಿಡಿಯಾಗಿ ಕೇಳುತ್ತದೆ. ಎಸಿ-3ಯಲ್ಲಿ ಗಮನವಿಟ್ಟರೆ ಮಾತ್ರ ತುಸು ವ್ಯತ್ಯಾಸ ತಿಳಿಯುತ್ತದೆ. ಎಂಪಿ2 ಅನ್ನು ಪರೀಕ್ಷೆಗೆಂದು 128 ಕಿಲೋಬಿಟ್‌ಗೆ ಇಳಿಸಿದಾಗ ಕಲ್ಲಿನ ಸದ್ದು ಬರೀ ಗೊರಗೊರ ಎನ್ನುವ ಗದ್ದಲವಾಗಿ, ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗಗಳು ಅದರಲ್ಲಿ ಮುಳುಗಿಹೋದವು. 224ರಲ್ಲಿ ಆ ತೊಂದರೆ ಇರಲಿಲ್ಲ.

ಎಲ್‌ಪಿಸಿಎಂ ಜಾಗವನ್ನು ಮಾತ್ರ ತುಂಬ ತಿನ್ನುತ್ತದೆ. 16 ಬಿಟ್‌ನ ಸ್ಟೀರಿಯೊಗೆ ಸೆಕೆಂಡಿಗೆ 1,536 ಕಿಲೋಬಿಟ್ ಬೇಕು, ಅಂದರೆ ಗಂಟೆಗೆ ಸುಮಾರು 690 ಎಂಬಿ. 192 ಕಿಲೋಬಿಟ್‌ನ ಎಸಿ-3ಗೆ ಗಂಟೆಗೆ ಸುಮಾರು 86 ಎಂಬಿ ಸಾಕು. ಅಜ್ಜಿಯ ಕ್ಯಾಸೆಟ್ ಒಂದೇ ಗಂಟೆಯದಾದ್ದರಿಂದ ಚಿತ್ರಕ್ಕೆ ಸೆಕೆಂಡಿಗೆ 6.5 ಮೆಗಾಬಿಟ್ ಕೊಟ್ಟು, ಧ್ವನಿಯನ್ನು ಎಲ್‌ಪಿಸಿಎಂನಲ್ಲಿಟ್ಟರೂ ಎಲ್ಲ ಸೇರಿ 3.6 ಜಿಬಿ ಆಯಿತು, 4.7 ಜಿಬಿಯ ಡಿಸ್ಕಿನಲ್ಲಿ ನಿರಾಳವಾಗಿ ಹಿಡಿಸಿತು. ಎರಡು ಗಂಟೆಯ ಮದುವೆಯಾದರೆ ಲೆಕ್ಕ ಬೇರೆ: ಎಲ್‌ಪಿಸಿಎಂ ಇಟ್ಟರೆ ಚಿತ್ರಕ್ಕೆ ಉಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 3.7 ಮೆಗಾಬಿಟ್, ಎಸಿ-3 ಇಟ್ಟರೆ ಸುಮಾರು 5. ದೀಪಗಳೂ ಹೂವೂ ರೇಷ್ಮೆಯೂ ತುಂಬಿದ ಮದುವೆಯ ಚಿತ್ರದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಜನ ಓಡಾಡಿದ ಕಡೆಯಲ್ಲೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ.

ಮದುವೆಯೆಂದರೆ ಡಿವಿಡಿಗೂ ಮೊದಲಿನ ವಿಡಿಯೊ ಸಿಡಿಗಳ, ಅಂದರೆ ಹಳೆಯ ವಿಸಿಡಿಗಳ ವಿಷಯವೂ ಬರುತ್ತದೆ. 2000ದ ಆಚೀಚೆ ನಮ್ಮ ಕಡೆ ಸ್ಟುಡಿಯೊದವರು ಮದುವೆಯನ್ನು ಎರಡು ಮೂರು ವಿಸಿಡಿಗಳಲ್ಲಿ ಕೊಡುತ್ತಿದ್ದರು. ಅವುಗಳಲ್ಲಿರುವ ಧ್ವನಿಯೂ ಎಂಪಿ2, ಅದೂ 224 ಕಿಲೋಬಿಟ್. ಆದರೆ ದರ 44.1 ಕಿಲೋಹರ್ಟ್ಸ್. ವಿಸಿಡಿಯೊಳಗಿನ ಡಿಎಟಿ ಎಂಬ ಚಿತ್ರದ ಕಡತಗಳನ್ನು ಒಟ್ಟುಗೂಡಿಸಿ ಒಂದೇ ಡಿವಿಡಿಗೆ ಹಾಕುವಾಗ, ಎಂಪಿ2 ಹೇಗೂ ನಿಯಮದಲ್ಲಿದೆಯೆಂದು ಧ್ವನಿಯನ್ನು ಬದಲಿಸದೆ ‘ಕಾಪಿ’ ಎಂದು ಬಿಟ್ಟರೆ ಕೆಲಸ ಕೆಡುತ್ತದೆ. ನಾನು ಬೇಕೆಂದೇ ಹಾಗೆ ಬಿಟ್ಟು ಒಂದು ಡಿಸ್ಕ್ ಮಾಡಿದಾಗ, ಅತ್ತೆಯ ಪ್ಲೇಯರು ಮೂಕವಾಯಿತು, ನಮ್ಮದು ಬಿಟ್ಟು ಬಿಟ್ಟು ಕರಕರ ಎಂದಿತು. 48ಕ್ಕೆ ಬದಲಿಸಿದ ಮೇಲೆ ಎರಡೂ ಸರಿಹೋದವು.

ಖಾಲಿ ಡಿಸ್ಕಿನ ಗುಣಮಟ್ಟ, ಬರೆಯುವ ವೇಗ, ಪ್ಲಸ್ ಆರ್ ಬೇಕೇ ಮೈನಸ್ ಆರ್ ಬೇಕೇ ಎಂಬ ಚರ್ಚೆಗಳಿಗೆ ಈ ತೊಂದರೆಯಲ್ಲಿ ಹೆಚ್ಚು ಬೆಲೆಯಿಲ್ಲ. ಡಿವಿಡಿಯಲ್ಲಿ ಚಿತ್ರ ಮತ್ತು ಧ್ವನಿಯ ತುಣುಕುಗಳು ಒಂದೇ ಕಡತದಲ್ಲಿ ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತವೆ. ಡಿಸ್ಕ್ ಕೆಟ್ಟರೆ ಚಿತ್ರವೂ ನಿಂತು ನಿಂತು ಹೋಗುತ್ತದೆ. ಚಿತ್ರ ನೀರಿನಂತೆ ಹರಿಯುತ್ತಿದ್ದು ದನಿ ಮಾತ್ರ ಪೂರ್ತಿ ಇಲ್ಲವಾದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಕೆಂಪು ಮತ್ತು ಬಿಳಿ ವಯರುಗಳು ಹಳದಿಯ ಪಕ್ಕದ ತೂತುಗಳಲ್ಲೇ ಇವೆಯೇ ಎಂದು ನೋಡಿ, ಒಂದು ಸಿನಿಮಾ ಡಿಸ್ಕ್ ಹಾಕಿದರೆ ವಯರಿನ ಅನುಮಾನ ಅಲ್ಲಿಗೇ ತೀರುತ್ತದೆ.

ಇನ್ನೊಂದು ಬಗೆಯ ದೋಷ ಅಪರೂಪಕ್ಕೆ ಕಾಣುತ್ತದೆ. ವಿಒಬಿ ಕಡತವೊಂದನ್ನೇ ವಿಎಲ್‌ಸಿಯಲ್ಲಿ ತೆರೆದರೆ ದನಿ ಬರುತ್ತದೆ, ಇಡೀ ಡಿಸ್ಕನ್ನು ಡಿವಿಡಿಯೆಂದು ತೆರೆದರೆ ಬರುವುದಿಲ್ಲ. ಧ್ವನಿಯ ಹಾದಿ ಯಾವುದೆಂದು ಪ್ಲೇಯರಿಗೆ ಹೇಳುವ ಐಎಫ್‌ಒ ಕಡತದಲ್ಲಿ ತಪ್ಪಿದೆ ಎಂಬುದಕ್ಕೆ ಇದು ಗುರುತು. ಹೀಗಾದಾಗ ಚಿತ್ರವನ್ನು ಮತ್ತೆ ಪರಿವರ್ತಿಸುವ ಅಗತ್ಯವಿಲ್ಲ, ಇರುವ ಚಿತ್ರ ಮತ್ತು ಧ್ವನಿಯನ್ನೇ ಇಟ್ಟುಕೊಂಡು ಡಿವಿಡಿಯ ಕಟ್ಟನ್ನು ಹೊಸದಾಗಿ ಕಟ್ಟಿದರೆ ಸಾಕು.

ಸಲಕರಣೆಗಳಲ್ಲಿ ನನಗೆ ಹಿಡಿಸಿದ್ದು ಎರಡು, ಎರಡೂ ಉಚಿತ. ಡಿವಿಡಿಸ್ಟೈಲರ್‌ನಲ್ಲಿ ಮೆನು ಮಾಡಬಹುದು, ಧ್ವನಿ ಎಂಪಿ2 ಆಗಬೇಕೇ ಎಸಿ-3 ಆಗಬೇಕೇ ಎಂದು ಆರಿಸಬಹುದು. ಮೊದಲ ಸಲ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ಎಫ್‌ಎಫ್‌ಎಂಪೆಗ್ ಅನ್ನು ಕೀಲಿಮಣೆಯಿಂದ ಆಜ್ಞೆ ಬರೆದು ನಡೆಸಬೇಕು, ಅಭ್ಯಾಸವಾಗುವವರೆಗೆ ಕಷ್ಟ. ಆದರೆ ಅದಕ್ಕೆ ಗುರಿ ಪಾಲ್-ಡಿವಿಡಿ ಎಂದು ಹೇಳಿದರೆ, ಮೂಲ ಯಾವುದೇ ಇರಲಿ, ಧ್ವನಿಯನ್ನು ತಾನಾಗಿ 48 ಕಿಲೋಹರ್ಟ್ಸ್‌ನ ಎಸಿ-3 ಮಾಡುತ್ತದೆ. ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಬದಲಿಸಲೂ ಅದರಲ್ಲಿ ಬರುತ್ತದೆ. ಒಂದು ಗಂಟೆಯ ಚಿತ್ರವನ್ನು ಪೂರ್ತಿಯಾಗಿ ಪರಿವರ್ತಿಸಲು ನನ್ನ ಹಳೆಯ ಲ್ಯಾಪ್‌ಟಾಪಿಗೆ ಅರ್ಧ ಗಂಟೆಗೂ ಹೆಚ್ಚು ಬೇಕಾಗಿತ್ತು. ಧ್ವನಿಯೊಂದನ್ನೇ ಬದಲಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಮೂಕವಾದ ಡಿಸ್ಕುಗಳು ಹತ್ತಾರು ಇರುವವರಿಗೆ ಇದು ದೊಡ್ಡ ಅನುಕೂಲ.

ಪೆನ್‌ಡ್ರೈವಿನಲ್ಲಿ ಎಂಪಿ4 ಕಡತ ಹಾಕಿಕೊಟ್ಟರಾಗದೇ ಎಂದು ಚಿಕ್ಕಪ್ಪ ಕೇಳಿದರು. ಹೊಸ ಟಿವಿ ಇರುವವರ ಮನೆಗೆ ನಾನೂ ಹಾಗೆಯೇ ಕೊಟ್ಟಿದ್ದೇನೆ. ಅತ್ತೆಯ ಟಿವಿಯಲ್ಲಿ ಪೆನ್‌ಡ್ರೈವ್ ಹಾಕುವ ಜಾಗವಿಲ್ಲ, ಮೇಲಾಗಿ ಡಿಸ್ಕ್ ಹಾಕಿ ಗುಂಡಿ ಒತ್ತುವುದು ಅವರಿಗೆ ರೂಢಿಯಾಗಿದೆ.

ಅತ್ತೆಗೆ ಎಲ್‌ಪಿಸಿಎಂ ಡಿಸ್ಕನ್ನು ಬರೆದುಕೊಟ್ಟೆ. ಅಕ್ಕನಿಗೆ ಮದುವೆಯನ್ನು ಎನ್‌ಟಿಎಸ್‌ಸಿಯಲ್ಲಿ, ಎಸಿ-3 ಧ್ವನಿಯೊಂದಿಗೆ ಮತ್ತೆ ಮಾಡಿ ಕಳಿಸಿದೆ. ಪ್ರತಿ ಡಿಸ್ಕಿನ ಮೇಲೆ ಮಾರ್ಕರಿನಿಂದ ಹೆಸರಿನ ಕೆಳಗೆ ಧ್ವನಿಯ ರೂಪ, ದರ ಮತ್ತು ಪದ್ಧತಿಯನ್ನು ಬರೆದಿದ್ದೇನೆ. ಅತ್ತೆ ಡಿಸ್ಕ್ ಹಾಕಿಕೊಂಡ ದಿನ ಸಂಜೆ ಫೋನು ಮಾಡಿ, ಏನೂ ಹೇಳದೆ, ಫೋನನ್ನು ಟಿವಿಯ ಮುಂದೆ ಹಿಡಿದರು. ಮೊದಲು ಕಲ್ಲಿನ ಸದ್ದು ಕೇಳಿಸಿತು, ಆಮೇಲೆ ಅಜ್ಜಿ ಪದ ಎತ್ತಿಕೊಂಡರು.